ಹೊಸ ನಾಯಿಮರಿಯ ದಿನಚರಿ ಎಲ್ಲಿ ಕೆಟ್ಟಿದೆ? ಲಕ್ಷಣ ಹಿಡಿದು ಕಾರಣ ಹುಡುಕುವ ಕೈಪಿಡಿ

ಮರಿ ಮನೆಗೆ ಬಂದು ನಾಲ್ಕೈದು ದಿನ ಕಳೆಯುವಷ್ಟರಲ್ಲಿ ದೂರುಗಳು ಶುರುವಾಗುತ್ತವೆ. ರಾತ್ರಿಯೆಲ್ಲ ಕುಂಯ್‌ಗುಡುತ್ತದೆ, ಹೊರಗೆ ಕರೆದೊಯ್ದರೆ ಸುಮ್ಮನಿದ್ದು ಒಳಗೆ ಬಂದ ಕೂಡಲೇ ಉಚ್ಚೆ ಮಾಡುತ್ತದೆ, ಸಂಜೆಯಾದರೆ ಸಿಕ್ಕ ಕಾಲಿಗೆಲ್ಲ ಬಾಯಿ ಹಾಕುತ್ತದೆ. ಮರಿಗೆ ಹಟ, ಇಲ್ಲವೇ ಆ ತಳಿಯ ಗುಣವೇ ಹಾಗೆ ಎಂದುಕೊಳ್ಳುವವರೇ ಹೆಚ್ಚು. ಆದರೆ 8ರಿಂದ 16 ವಾರದ ಮರಿಯಲ್ಲಿ ಇಂಥ ತೊಂದರೆಗಳ ಬೇರು ಬಹುಪಾಲು ಗಡಿಯಾರದಲ್ಲೇ ಇರುತ್ತದೆ. ನಿದ್ದೆ ಸಾಲುತ್ತಿಲ್ಲ, ಹೊರಗೆ ಒಯ್ಯುವುದು ತಡವಾಗುತ್ತಿದೆ, ಊಟದ ಹೊತ್ತು ದಿನಕ್ಕೊಂದು ಥರ ಆಗುತ್ತಿದೆ. ಹಾಗಾಗಿ ಬೈಯುವ ಮೊದಲು, ತರಬೇತುದಾರರನ್ನು ಕರೆಸುವ ಮೊದಲು, ದುಬಾರಿ ಸಾಮಾನು ಕೊಳ್ಳುವ ಮೊದಲು ಹೊತ್ತನ್ನು ನೋಡಿ. ಅದಕ್ಕೆ ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲ್ಲು ಸಾಕು.

ಎಲ್ಲಕ್ಕಿಂತ ಮೊದಲು: ಇದು ಕಾಯಿಲೆಯೇ?

ಕಾಯಿಲೆ ಬಿದ್ದ ಮರಿಗೆ ಯಾವ ದಿನಚರಿಯೂ ಕೂರುವುದಿಲ್ಲ. ಎರಡು ನಿಮಿಷದ ಪರೀಕ್ಷೆ ಇದು.

ತುಟಿ ಎತ್ತಿ ವಸಡು ನೋಡಿ. ನಸುಗೆಂಪಾಗಿ ಒದ್ದೆಯಾಗಿರಬೇಕು. ಬೆರಳಿನಿಂದ ಒತ್ತಿ ಬಿಟ್ಟರೆ ಬೆಳ್ಳಗಾದ ಜಾಗಕ್ಕೆ 2 ಸೆಕೆಂಡಿನೊಳಗೆ ಬಣ್ಣ ಮರಳಬೇಕು. ವಸಡು ಬಿಳುಚಿಕೊಂಡಿದ್ದರೆ ರಕ್ತ ಕಡಿಮೆಯಾಗಿದೆ ಎಂದರ್ಥ. ಜಂತುಹುಳು, ಉಣ್ಣಿ, ಉಣ್ಣಿಯಿಂದ ಬರುವ ಜ್ವರ, ಇವು ನಮ್ಮಲ್ಲಿ ಇದಕ್ಕೆ ಸಾಮಾನ್ಯ ಕಾರಣಗಳು. ವಸಡು ಅಂಟಂಟಾಗಿ ಒಣಗಿದ್ದರೆ, ಹೆಗಲ ಮೇಲಿನ ಚರ್ಮ ಎತ್ತಿ ಬಿಟ್ಟಾಗ ಕೂಡಲೇ ಕೆಳಗಿಳಿಯದಿದ್ದರೆ ಮೈಯಲ್ಲಿ ನೀರಿನಂಶ ಇಳಿದಿದೆ. ಗುದದಲ್ಲಿ ಥರ್ಮಾಮೀಟರ್ ಇಟ್ಟು ನೋಡುವ ಅಭ್ಯಾಸವಿದ್ದರೆ, 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಸಹಜ. ಮನುಷ್ಯರ ಲೆಕ್ಕದಲ್ಲಿ ಇದು ಜ್ವರ, ಮರಿಗೆ ಅಲ್ಲ.

ಮತ್ತೆ ಮತ್ತೆ ವಾಂತಿ, ನೀರಿನಂತೆ ಅಥವಾ ರಕ್ತ ಬೆರೆತು ನಾರುವ ಬೇಧಿ, ಎಬ್ಬಿಸಿದರೂ ಏಳದ ಸುಸ್ತು, ಇವುಗಳಲ್ಲಿ ಯಾವುದೊಂದು ಕಂಡರೂ ಈ ಕೈಪಿಡಿಯನ್ನು ಬದಿಗಿಟ್ಟು ಡಾಕ್ಟರ ಬಳಿ ಹೋಗಿ. ಲಸಿಕೆ ಪೂರ್ತಿಯಾಗದ ಮರಿಯಲ್ಲಿ ಇವು ಪಾರ್ವೋ ಎಂಬ ವೈರಸ್ ಕಾಯಿಲೆಯ ಲಕ್ಷಣಗಳಿರಬಹುದು. ಪಾರ್ವೋದಲ್ಲಿ 'ನಾಳೆ ಬೆಳಗ್ಗೆ ನೋಡೋಣ' ಎಂದು ಕಳೆದ ರಾತ್ರಿಯೇ ಎಷ್ಟೋ ಸಲ ಮರಿಯ ಪ್ರಾಣ ತೆಗೆಯುತ್ತದೆ. ಹೊರಡುವ ಮೊದಲು ಫೋನ್ ಮಾಡಿ, ಬೇಧಿಯಾಗುತ್ತಿರುವ ಮರಿ ತರುತ್ತಿದ್ದೇವೆ ಎಂದು ಹೇಳಿ. ಅಲ್ಲಿ ಕಾಯುತ್ತಿರುವ ಬೇರೆ ಮರಿಗಳಿಗೆ ಅದು ಹರಡಬಾರದು.

ವಯಸ್ಸನ್ನೂ ಖಚಿತ ಮಾಡಿಕೊಳ್ಳಿ. 8 ವಾರ ತುಂಬದ ಮರಿಯನ್ನು ಮಾರುವುದು ನಾಯಿ ಸಾಕಣೆ ಮತ್ತು ಮಾರಾಟದ 2017ರ ಕೇಂದ್ರ ನಿಯಮಗಳ ಪ್ರಕಾರ ನಿಷಿದ್ಧ. ಆದರೂ ಐದಾರು ವಾರದವನ್ನು 'ಎರಡು ತಿಂಗಳದ್ದು' ಎಂದು ದಾಟಿಸುವುದು ನಡೆದೇ ಇದೆ. ಡಾಕ್ಟರು ಹಲ್ಲು ನೋಡಿ ವಯಸ್ಸು ಅಂದಾಜು ಮಾಡಬಲ್ಲರು. ಮರಿ ಅಷ್ಟು ಚಿಕ್ಕದಾಗಿದ್ದರೆ ಕೆಳಗೆ ಹೇಳಿದ ಅಂತರಗಳನ್ನೆಲ್ಲ ಅರ್ಧಕ್ಕಿಳಿಸಿ. ಅದರಿಂದ ಹೆಚ್ಚು ನಿರೀಕ್ಷಿಸುವುದು ಅನ್ಯಾಯ.

ಸರಿಯಾದ ದಿನ ಹೇಗಿರುತ್ತದೆ

ಕೆಟ್ಟದ್ದು ಎಲ್ಲಿ ಎಂದು ತಿಳಿಯಲು ನೆಟ್ಟಗಿರುವುದು ಗೊತ್ತಿರಬೇಕು. 8ರಿಂದ 10 ವಾರದ ಮರಿ ದಿನಕ್ಕೆ 18ರಿಂದ 20 ಗಂಟೆ ಮಲಗಬೇಕು. ಎಚ್ಚರವಿರುವುದು ಒಂದು ಸಲಕ್ಕೆ ಸುಮಾರು ಒಂದು ಗಂಟೆ, ಆಮೇಲೆ ಒಂದೂವರೆಯಿಂದ ಎರಡು ಗಂಟೆ ನಿದ್ದೆ. ಎಚ್ಚರದ ಆ ಒಂದು ಗಂಟೆಯೊಳಗಿನ ಕ್ರಮ ಯಾವಾಗಲೂ ಒಂದೇ: ಎದ್ದ ಕೂಡಲೇ ಹೊರಗೆ, ಊಟ, ಮತ್ತೆ ಹೊರಗೆ, ಆಟ, ಮಲಗುವ ಮುಂಚೆ ಇನ್ನೊಮ್ಮೆ ಹೊರಗೆ.

ಬೆಳಗ್ಗೆ 6ಕ್ಕೆ ಏಳುವ ಮನೆಯಾದರೆ ಊಟ 6:15, 11, 4 ಮತ್ತು 8 ಗಂಟೆಗೆ ಬರುತ್ತದೆ. ಊಟವಿಲ್ಲದ ಎಚ್ಚರಗಳಲ್ಲಿ ಉಳಿದ ಕ್ರಮ ಹಾಗೆಯೇ. ರಾತ್ರಿ 10:30ಕ್ಕೆ ಕೊನೆಯ ಬಾರಿ ಹೊರಗೆ, ನಡುರಾತ್ರಿ ಕಳೆದ ಮೇಲೆ ಒಂದು ಸಲ. 12 ವಾರದ ಹೊತ್ತಿಗೆ ಊಟ ಮೂರಕ್ಕೆ ಇಳಿಯಬಹುದು, 6 ತಿಂಗಳಿಗೆ ಎರಡಕ್ಕೆ. ಪೊಮೆರೇನಿಯನ್, ಚಿವಾವದಂಥ ಪುಟ್ಟ ತಳಿಗಳಿಗೆ ನಾಲ್ಕನ್ನು ಇನ್ನಷ್ಟು ದಿನ ಮುಂದುವರಿಸಿ, ಕಾರಣ ಮುಂದೆ ಬರುತ್ತದೆ.

ಗಡಿಯಾರದ ಮುಳ್ಳಿಗಿಂತ ಕ್ರಮ ಮುಖ್ಯ. 11ರ ಊಟ 11:30ಕ್ಕೆ ಆದರೆ ಏನೂ ಆಗದು. ಊಟವಾದ ಮೇಲೆ ಹೊರಗೆ ಒಯ್ಯುವುದು ತಪ್ಪಿದರೆ ನೆಲ ಒರೆಸುವ ಕೆಲಸ ಬರುತ್ತದೆ.

ಮೂರು ದಿನ ಬರೆದಿಡಿ

ಫ್ರಿಜ್ಜಿನ ಬಾಗಿಲಿಗೆ ಹಾಳೆ ಅಂಟಿಸಿ, ಪೆನ್ಸಿಲ್ ಕಟ್ಟಿ. ಎದ್ದದ್ದು, ಮಲಗಿದ್ದು, ತಿಂದದ್ದು, ಉಚ್ಚೆ–ಕಕ್ಕ ಎಲ್ಲಿ ಆಯಿತು, ತೊಂದರೆ ಯಾವಾಗ ಶುರುವಾಯಿತು. ಮನೆಯ ಎಲ್ಲರೂ ಬರೆಯಬೇಕು. ಒಂದು ಸಂಜೆಯ ಬರಹ ಹೀಗಿರಬಹುದು:

4:00 ಎದ್ದಿತು, ಹಿತ್ತಲಲ್ಲಿ ಉಚ್ಚೆ.
4:15 ಊಟ.
4:40 ಕಕ್ಕ, ಸೋಫಾ ಹಿಂದೆ.
5:00 ಮಕ್ಕಳು ಬಂದರು, ಆಟ.
6:10 ಉಚ್ಚೆ, ಚಾಪೆ ಮೇಲೆ.
7:15 ಕಚ್ಚಾಟ, ಪ್ಯಾಂಟು ಎಳೆತ.
8:00 ಊಟ ಅರ್ಧಕ್ಕೆ ಬಿಟ್ಟಿತು.

ಮೇಲುನೋಟಕ್ಕೆ ನಾಲ್ಕು ದೂರುಗಳು. ಓದಿದರೆ ಎರಡೇ ತಪ್ಪುಗಳು: ಊಟದ ನಂತರ ಹೊರಗೆ ಒಯ್ದಿಲ್ಲ, ನಾಲ್ಕು ಗಂಟೆ ಕಾಲ ಮಲಗಿಸಿಲ್ಲ. ಸೋಫಾ ಹಿಂದಿನದು ಮತ್ತು ಚಾಪೆಯದು ಮೊದಲ ತಪ್ಪಿನ ಫಲ, ಕಚ್ಚಾಟ ಮತ್ತು ಬಿಟ್ಟ ಊಟ ಎರಡನೆಯದರ ಫಲ. ಈ ಹಾಳೆಯಿಲ್ಲದೆ ನೆನಪಿನ ಮೇಲೆ ಕಾರಣ ಹುಡುಕಿದರೆ 'ಯಾವಾಗಲೂ ಕಚ್ಚುತ್ತದೆ' ಎಂಬ ಉತ್ತರವೊಂದೇ ಸಿಗುತ್ತದೆ.

ಲಕ್ಷಣ: ಹೊರಗೆ ಮಾಡದೆ ಒಳಗೆ ಬಂದು ಉಚ್ಚೆ ಮಾಡುತ್ತದೆ

ಮೊದಲು ಅಂತರ ನೋಡಿ. ಮರಿ ಉಚ್ಚೆ ತಡೆಯಬಲ್ಲ ಗರಿಷ್ಠ ಹೊತ್ತಿಗೆ ಒರಟು ಲೆಕ್ಕವೊಂದಿದೆ: ವಯಸ್ಸಿನ ತಿಂಗಳುಗಳಿಗೆ ಒಂದು ಸೇರಿಸಿದರೆ ಎಷ್ಟೋ ಅಷ್ಟು ಗಂಟೆ. ಎರಡು ತಿಂಗಳ ಮರಿಗೆ ಮೂರು. ಇದು ಮರಿ ತಣ್ಣಗೆ ಮಲಗಿದ್ದಾಗಿನ ಲೆಕ್ಕ. ಎಚ್ಚರವಿದ್ದು ಓಡಾಡುವಾಗ ಅರ್ಧ ಗಂಟೆ, ಮುಕ್ಕಾಲು ಗಂಟೆಗೊಮ್ಮೆ ಒಯ್ಯಬೇಕು. ಊಟವಾಗಿ 5ರಿಂದ 30 ನಿಮಿಷದೊಳಗೆ ಕಕ್ಕ ಬರುವುದು ಸಹಜ, ಏಕೆಂದರೆ ಹೊಟ್ಟೆ ತುಂಬುತ್ತಿದ್ದಂತೆ ಕರುಳು ಚಲಿಸತೊಡಗುತ್ತದೆ. ಆಟದ ನಡುವೆ ಇದ್ದಕ್ಕಿದ್ದಂತೆ ನೆಲ ಮೂಸುತ್ತ ಗುಂಡಗೆ ಸುತ್ತಿದರೆ ನಿಮಗೆ ಉಳಿದಿರುವುದು ಕೆಲವೇ ಸೆಕೆಂಡು.

ಅಂತರ ಸರಿಯಿದ್ದೂ ಒಳಗೇ ಆಗುತ್ತಿದ್ದರೆ, ಹೊರಗೆ ಏನು ನಡೆಯುತ್ತಿದೆ ಎಂದು ನೋಡಿ. ಬಾಗಿಲು ತೆರೆದು ಬಿಟ್ಟು ಫೋನು ನೋಡುತ್ತ ನಿಂತರೆ ಮರಿ ಎಲೆ, ಇರುವೆ, ಸ್ಕೂಟರಿನ ಸದ್ದು ನೋಡುತ್ತ ತನ್ನ ಕೆಲಸ ಮರೆಯುತ್ತದೆ. ಒಳಗೆ ಬಂದು ಮನಸ್ಸು ತಣ್ಣಗಾದಾಗ ನೆನಪಾಗುತ್ತದೆ. ಬೆಲ್ಟ್ ಹಾಕಿ, ಪ್ರತಿ ಸಲ ಅದೇ ಮೂಲೆಗೆ ಒಯ್ಯಿರಿ. ಮಾತು ಬೇಡ, ಆಟ ಬೇಡ, ಮರ ನಿಂತಂತೆ ನಿಂತು 5 ನಿಮಿಷ ಕಾಯಿರಿ. ಮಾಡಿದ ಮರುಕ್ಷಣ, ಅಲ್ಲೇ, ಹೆಸರುಬೇಳೆ ಗಾತ್ರದ ತಿಂಡಿ ಕೊಡಿ. ಒಳಗೆ ಬಂದು ಡಬ್ಬಿ ತೆರೆದು ಕೊಟ್ಟರೆ ಒಳಗೆ ಬಂದದ್ದಕ್ಕೆ ಬಹುಮಾನ ಎಂದು ಅದು ತಿಳಿಯುತ್ತದೆ. ಎಷ್ಟೋ ಮರಿಗಳು ಮೊದಲ ಸಲ ಪೂರ್ತಿ ಖಾಲಿ ಮಾಡುವುದಿಲ್ಲ, ಹಾಗಾಗಿ ಮತ್ತೆರಡು ನಿಮಿಷ ನಿಲ್ಲಿ. ಏನೂ ಆಗದಿದ್ದರೆ ಒಳಗೆ ತಂದು ತೊಡೆಯ ಮೇಲೋ ಚಿಕ್ಕ ಆವರಣದಲ್ಲೋ 10 ನಿಮಿಷ ಇಟ್ಟುಕೊಂಡು ಮತ್ತೆ ಒಯ್ಯಿರಿ. ಖಾಲಿ ಮಾಡದ ಮರಿಗೆ ಹಾಲ್‌ನಲ್ಲಿ ಸ್ವಾತಂತ್ರ್ಯ ಇಲ್ಲ.

ಎಲ್ಲಿ ಮಾಡುತ್ತಿದೆ ಎಂಬುದೂ ಮಾತಾಡುತ್ತದೆ. ಒಂದೇ ಮೂಲೆಯಲ್ಲಿ ಆಗುತ್ತಿದ್ದರೆ ಅಲ್ಲಿ ವಾಸನೆ ಉಳಿದಿದೆ. ಫಿನಾಯಿಲ್ ಹಾಕಿ ಒರೆಸಿದರೆ ನಮ್ಮ ಮೂಗಿಗೆ ಹೋಗುತ್ತದೆ, ಮರಿಯ ಮೂಗಿಗೆ ಹೋಗುವುದಿಲ್ಲ. ಮೇಲಾಗಿ ಒದ್ದೆ ಫಿನಾಯಿಲ್ ತುಳಿದು ಪಾದ ನೆಕ್ಕಿದರೆ ಮರಿಗೆ ಅಪಾಯ. ಮೊದಲು ಹಳೇ ಪತ್ರಿಕೆಯಿಂದ ಒತ್ತಿ ಹೀರಿಸಿ, ಆಮೇಲೆ ಸಾಕುಪ್ರಾಣಿ ಅಂಗಡಿಯಲ್ಲಿ ಸಿಗುವ ಎನ್‌ಜೈಮ್ ಕ್ಲೀನರ್ ಹಾಕಿ ಬಾಟಲಿಯ ಮೇಲೆ ಹೇಳಿದಷ್ಟು ಹೊತ್ತು ನೆನೆಯಲು ಬಿಡಿ. ಟೈಲ್ಸ್ ನೆಲಕ್ಕಾದರೆ ಸಮಪಾಲು ನೀರು ಬೆರೆಸಿದ ಬಿಳಿ ವಿನೆಗರ್ ಕೂಡ ಆಗುತ್ತದೆ. ಅಮೃತಶಿಲೆಯ ಮೇಲೆ ಮಾತ್ರ ವಿನೆಗರ್ ಬೇಡ, ಹೊಳಪು ತಿಂದುಹಾಕುತ್ತದೆ. ಉಚ್ಚೆಯ ಮೇಲೆ ನೇರವಾಗಿ ಬ್ಲೀಚ್ ಸುರಿಯಬೇಡಿ, ಕಣ್ಣು–ಗಂಟಲು ಉರಿಸುವ ಹೊಗೆ ಏಳುತ್ತದೆ. ಚಾಪೆ, ಕಾಲೊರೆಸುಗಳನ್ನು ಒಂದೆರಡು ತಿಂಗಳು ಎತ್ತಿಟ್ಟುಬಿಡಿ. ಮೆತ್ತಗಿನ, ಹೀರಿಕೊಳ್ಳುವ ಜಾಗವೆಂದರೆ ಮರಿಗೆ ಅದೇ ಬಚ್ಚಲು.

ನೀವು ಬಗ್ಗಿ ಮುಟ್ಟಿದಾಗ, ಯಾರಾದರೂ ಮನೆಗೆ ಬಂದಾಗ ಮಾತ್ರ ನಾಲ್ಕು ಹನಿ ಬಿದ್ದರೆ ಅದು ಉದ್ವೇಗ ಅಥವಾ ಹೆದರಿಕೆ. ನಿಂತು ಬಗ್ಗಬೇಡಿ, ಕುಕ್ಕುರು ಕೂತು ಪಕ್ಕದಿಂದ ಮುಟ್ಟಿ, ಬೈಯಬೇಡಿ. ಬೆಳೆದಂತೆ ಹೋಗುತ್ತದೆ. ಆದರೆ ಹತ್ತು ಹದಿನೈದು ನಿಮಿಷಕ್ಕೊಮ್ಮೆ ಕೂತು ಹನಿಹನಿಯಾಗಿ ಮಾಡುವುದು, ತಿಣುಕುವುದು, ಉಚ್ಚೆ ಕೆಂಪಗಿರುವುದು, ಮಲಗಿದ್ದಲ್ಲೇ ಸೋರುವುದು, ಇವು ತರಬೇತಿಯ ವಿಷಯವಲ್ಲ. ಮೂತ್ರದ ಸೋಂಕು ಅಥವಾ ಹುಟ್ಟಿನಿಂದ ಬಂದ ದೋಷ ಇರಬಹುದು. ಮೂತ್ರ ಪರೀಕ್ಷೆ ಮಾಡಿಸಿ.

ಫ್ಲ್ಯಾಟಿನಲ್ಲಿರುವವರ ಕಷ್ಟ ಬೇರೆ. ಲಿಫ್ಟ್ ಬರುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಜೊತೆಗೆ ಲಸಿಕೆ ಮುಗಿಯುವ ತನಕ ಬೇರೆ ನಾಯಿಗಳು ಓಡಾಡುವ ನೆಲಕ್ಕೆ ಬಿಡುವಂತೆಯೂ ಇಲ್ಲ, ಪಾರ್ವೋ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ಬಾಲ್ಕನಿಯಲ್ಲಿ ಎರಡಡಿ–ಮೂರಡಿಯ ಪ್ಲಾಸ್ಟಿಕ್ ಟ್ರೇ ಇಟ್ಟು, ಅದರಲ್ಲಿ ನರ್ಸರಿಯಿಂದ ತಂದ ಹುಲ್ಲಿನ ಹಾಸು ಹಾಕಿ. ಅದು ಸಿಗದಿದ್ದರೆ ಮೂರು ಪದರ ಪತ್ರಿಕೆ, ಕೆಳಗೊಂದು ಹಿಂದಿನ ದಿನದ ಉಚ್ಚೆ ತಾಗಿದ ಕಾಗದದ ತುಂಡು. ಹುಲ್ಲೇ ಮೇಲು. ಪತ್ರಿಕೆಯ ಮೇಲೆ ಕಲಿತ ಮರಿ ಮುಂದೆ ನೆಲಕ್ಕೆ ಬಿದ್ದ ಪೇಪರನ್ನೆಲ್ಲ ಹಾಗೇ ಬಳಸುತ್ತದೆ. ಬಾಲ್ಕನಿಯ ಸರಳುಗಳ ನಡುವೆ ಮರಿಯ ತಲೆ ತೂರದಂತೆ ಮೊದಲೇ ಬಲೆ ಕಟ್ಟಿ.

ಮೂಗನ್ನು ಉಚ್ಚೆಗೆ ಉಜ್ಜುವುದು, ಪೇಪರ್ ಸುರುಳಿಯಿಂದ ಹೊಡೆಯುವುದು ಬೇಡವೇ ಬೇಡ. ಮರಿ ಕಲಿಯುವುದು 'ಇವರ ಕಣ್ಣೆದುರು ಮಾಡಬಾರದು' ಎಂಬುದನ್ನು ಮಾತ್ರ. ಆಮೇಲೆ ಅದು ಮಂಚದ ಕೆಳಗೆ ಹೋಗಿ ಮಾಡುತ್ತದೆ, ಹೊರಗೆ ಒಯ್ದಾಗ ನಿಮ್ಮ ಎದುರು ಮಾಡಲು ಹೆದರುತ್ತದೆ. ಇಡೀ ತೊಂದರೆ ಇಮ್ಮಡಿಯಾಗುವುದು ಹೀಗೆಯೇ.

ಲಕ್ಷಣ: ರಾತ್ರಿ ಅಳುತ್ತದೆ

ಎಷ್ಟು ಹೊತ್ತಿಗೆ ಅಳುತ್ತದೆ ಎಂಬುದೇ ಇಲ್ಲಿ ಅರ್ಧ ಉತ್ತರ.

ದೀಪ ಆರಿಸಿದ ಕೂಡಲೇ ಶುರುವಾದರೆ ಒಂಟಿತನ. ಮೊನ್ನೆಯವರೆಗೆ ತಾಯಿ, ಒಡಹುಟ್ಟಿದ ಮರಿಗಳ ಮೈಗೆ ಮೈ ತಾಗಿಸಿ ಮಲಗಿದ ಜೀವ ಅದು. ಬೇರೆ ಕೋಣೆಯಲ್ಲಿ, ಕಾರ್ ಶೆಡ್ಡಿನಲ್ಲಿ ಕಟ್ಟಿಹಾಕಿ 'ಅತ್ತು ಅತ್ತು ಅಭ್ಯಾಸವಾಗಲಿ' ಎನ್ನುವುದು ತಪ್ಪು ದಾರಿ. ಮೊದಲ ಒಂದೆರಡು ವಾರ ಹಾಸಿಗೆಯನ್ನು ನಿಮ್ಮ ಮಂಚದ ಪಕ್ಕದಲ್ಲೇ, ಕೈ ಇಳಿಬಿಟ್ಟರೆ ಸಿಗುವಂತೆ ಇಡಿ. ಆಮೇಲೆ ದಿನಕ್ಕೆ ಒಂದಡಿಯಂತೆ ಬೇಕಾದ ಜಾಗಕ್ಕೆ ಸರಿಸಿ. ಕ್ರೇಟ್ (ಮರಿ ಮಲಗುವ ಸರಳಿನ ಪೆಟ್ಟಿಗೆ) ಆದರೆ ಮರಿ ಎದ್ದು ನಿಂತು ಸುತ್ತು ತಿರುಗಿ ಕಾಲು ಚಾಚಿ ಮಲಗುವಷ್ಟು ಸಾಕು. ದೊಡ್ಡದಾದರೆ ಒಂದು ಬದಿ ಮಲಗಿ ಇನ್ನೊಂದು ಬದಿ ಉಚ್ಚೆ ಮಾಡುತ್ತದೆ. ಒಳಗೆ ಬಿಡುವಾಗ ಕೊರಳಪಟ್ಟಿ ಬಿಚ್ಚಿ, ಸರಳಿಗೆ ಸಿಕ್ಕಿ ಉಸಿರು ಕಟ್ಟಬಹುದು. ನೀವು ಉಟ್ಟ ಹಳೇ ಕಾಟನ್ ಸೀರೆ ಅಥವಾ ಪಂಚೆಯ ತುಂಡು ಹಾಕಿದರೆ ವಾಸನೆಗೆ ಸಮಾಧಾನವಾಗುತ್ತದೆ. ಬಟ್ಟೆ ಹರಿದು ನುಂಗುವ ಮರಿಯಾದರೆ ಮಾತ್ರ ಅದನ್ನು ತೆಗೆದುಬಿಡಿ.

ಗಾಢ ನಿದ್ದೆಯಿಂದ ಎದ್ದು ಒಂದರಿಂದ ಮೂರು ಗಂಟೆಯ ನಡುವೆ ಕುಂಯ್‌ಗುಟ್ಟಿದರೆ ಉಚ್ಚೆ ಬಂದಿದೆ. ಎತ್ತಿಕೊಂಡು ಹೋಗಿ, ದೊಡ್ಡ ದೀಪ ಹಾಕದೆ, ಮಾತಾಡದೆ, ಮಾಡಿಸಿ ವಾಪಸ್ ಮಲಗಿಸಿ. ಅಲ್ಲಿ ಐದು ನಿಮಿಷ ಮುದ್ದು ಮಾಡಿದರೂ ಮರುದಿನದಿಂದ ಅದು ಆಟದ ಹೊತ್ತಾಗುತ್ತದೆ. ಇನ್ನೂ ಒಳ್ಳೆಯ ಉಪಾಯವೆಂದರೆ ಅದು ಅಳುವ ಹೊತ್ತಿಗಿಂತ 20 ನಿಮಿಷ ಮೊದಲು ಅಲಾರಂ ಇಟ್ಟು ನೀವೇ ಎಬ್ಬಿಸುವುದು. ಅತ್ತರೆ ಕೆಲಸವಾಗುತ್ತದೆ ಎಂಬ ಪಾಠವೇ ಆಗ ಹುಟ್ಟುವುದಿಲ್ಲ. ಸತತ ಮೂರು ರಾತ್ರಿ ಮನೆಯೊಳಗೆ ಉಚ್ಚೆ ಆಗದಿದ್ದರೆ ಅಲಾರಂ 15 ನಿಮಿಷ ಮುಂದಕ್ಕೆ ಹಾಕಿ. ಬಹುಪಾಲು ಮರಿಗಳು 16 ವಾರದ ಆಸುಪಾಸಿಗೆ ರಾತ್ರಿ ಪೂರ್ತಿ ಮಲಗುತ್ತವೆ.

ನಾಲ್ಕೂವರೆ, ಐದಕ್ಕೆ ಏಳುವುದು ಬೇರೆಯೇ ತೊಂದರೆ. ಹಾಲಿನವರ ಸೈಕಲ್, ಸುಪ್ರಭಾತ, ಆಜಾನ್, ನೀರಿನ ಮೋಟರು, ಎಲ್ಲ ಆಗಲೇ ಶುರು. ಕ್ರೇಟಿನ ಮೇಲೆ ಗಾಳಿಯಾಡುವ ಬಟ್ಟೆ ಹೊದೆಸಿ, ಫ್ಯಾನ್ ಹಾಕಿ ಸದ್ದು ಮುಚ್ಚಿ. ಕೊನೆಯ ಊಟ ಸಂಜೆ 6ಕ್ಕೇ ಆಗುತ್ತಿದ್ದರೆ ಹಸಿವಾಗಿರಬಹುದು, 8ಕ್ಕೆ ಸರಿಸಿ. ಎದ್ದ ಕೂಡಲೇ ಊಟ ಕೊಡುವುದನ್ನು ನಿಲ್ಲಿಸಿ, ಹೊರಗೆ ಒಯ್ದು ಮತ್ತೆ ಮಲಗಿಸಿ, 6ರ ನಂತರವೇ ಬಟ್ಟಲು ಇಡಿ.

ರಾತ್ರಿ ನೀರು ಎತ್ತಿಡಬೇಕೇ? ಮಲಗುವ ಒಂದು ಗಂಟೆ ಮುಂಚೆ ಎತ್ತಿಟ್ಟರೆ ತೊಂದರೆಯಿಲ್ಲ. ಕಲಬುರಗಿ, ರಾಯಚೂರಿನ ಏಪ್ರಿಲ್–ಮೇ ಸೆಕೆಯಲ್ಲಿ ಮಾತ್ರ ಎತ್ತಿಡಬೇಡಿ, ಒಂದು ಸಲ ಹೆಚ್ಚು ಏಳುವುದೇ ವಾಸಿ. ಬೇಧಿಯಾಗುತ್ತಿರುವ ಮರಿಗೂ ಹಾಗೆಯೇ.

ಅಳುವಿನ ಜೊತೆ ಹೊಟ್ಟೆ ಡೋಲಿನಂತೆ ಉಬ್ಬಿದ್ದರೆ, ಮಲಗಿದ ಭಂಗಿ ಪದೇಪದೇ ಬದಲಿಸುತ್ತಿದ್ದರೆ ಅದು ನೋವು. ಜಂತುಹುಳುವಿನ ಔಷಧಿ ಯಾವಾಗ ಕೊಟ್ಟಿದ್ದು ಎಂದು ಕಾರ್ಡ್ ನೋಡಿ. ಸಾಮಾನ್ಯವಾಗಿ ಎರಡು ವಾರ ವಯಸ್ಸಿನಿಂದ ಹದಿನೈದು ದಿನಕ್ಕೊಮ್ಮೆ, ಆಮೇಲೆ 6 ತಿಂಗಳವರೆಗೆ ತಿಂಗಳಿಗೊಮ್ಮೆ ಕೊಡುತ್ತಾರೆ. ಪ್ರಮಾಣ ಮರಿಯ ತೂಕದ ಮೇಲೆ, ಆದ್ದರಿಂದ ತೂಕ ಹಾಕಿಸದೆ ಅಂದಾಜಿಗೆ ಕೊಡಬೇಡಿ.

ಲಕ್ಷಣ: ಸಂಜೆ 6ರಿಂದ 9ರವರೆಗೆ ಹುಚ್ಚೆದ್ದು ಓಡುತ್ತದೆ, ಕಚ್ಚುತ್ತದೆ

'ಶಕ್ತಿ ಹೆಚ್ಚಾಗಿದೆ, ಇನ್ನೂ ಆಡಿಸಿ ಸುಸ್ತು ಮಾಡಿ' ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಹೆಚ್ಚಿನ ಮರಿಗಳಲ್ಲಿ ನಡೆದಿರುವುದು ತದ್ವಿರುದ್ಧ. ಮಧ್ಯಾಹ್ನದ ನಿದ್ದೆ ತಪ್ಪಿದ ಮಗು ಮದುವೆ ಮನೆಯಲ್ಲಿ ರಚ್ಚೆ ಹಿಡಿಯುವುದಿಲ್ಲವೇ, ಹಾಗೆ. ಶಾಲೆಯಿಂದ ಮಕ್ಕಳು, ಕೆಲಸದಿಂದ ದೊಡ್ಡವರು ಬರುವ ಹೊತ್ತಿಗೇ ಮರಿಯ ನಿದ್ದೆ ಕೆಡುತ್ತದೆ. ನೋಟ್‌ಬುಕ್ಕಿನಲ್ಲಿ ದಿನದ ನಿದ್ದೆ ಕೂಡಿಸಿ ನೋಡಿ. 16 ಗಂಟೆಗೂ ಕಡಿಮೆಯಿದ್ದರೆ ಬೇರೆ ಕಾರಣ ಹುಡುಕುವ ಅಗತ್ಯವೇ ಇಲ್ಲ.

ಮಾಡಬೇಕಾದದ್ದು ಇಷ್ಟು. ಐದಕ್ಕೊಮ್ಮೆ, ಏಳಕ್ಕೊಮ್ಮೆ ಕಡ್ಡಾಯ ನಿದ್ದೆ. ಹೊರಗೆ ಒಯ್ದು ಬಂದು, ಅರೆಗತ್ತಲಿನ ಕೋಣೆಯಲ್ಲಿ ಕ್ರೇಟ್ ಅಥವಾ ಆವರಣದಲ್ಲಿ ಬಿಟ್ಟು, ನೆಕ್ಕಲು ಒಂದು ಚಮಚ ಗಟ್ಟಿ ಮೊಸರು ಸವರಿದ ರಬ್ಬರ್ ಆಟಿಕೆ ಕೊಡಿ. ನೆಕ್ಕುತ್ತ ನೆಕ್ಕುತ್ತ ಕಣ್ಣು ಮುಚ್ಚುತ್ತದೆ. ಮೊದಲೆರಡು ದಿನ ಹತ್ತು ನಿಮಿಷ ಗೊಣಗಬಹುದು. ಮಲಗಿದ ಮರಿಯನ್ನು ಯಾರೂ ಎತ್ತಿಕೊಳ್ಳಬಾರದು ಎಂಬುದನ್ನು ಮಕ್ಕಳಿಗೆ ಒಪ್ಪಿಸುವುದೇ ಇದರಲ್ಲಿ ಕಷ್ಟದ ಭಾಗ, ಅದನ್ನು ದೊಡ್ಡವರು ಗಟ್ಟಿಯಾಗಿ ಹಿಡಿಯಬೇಕು.

ನಿದ್ದೆ ಸರಿಯಾದ ಮೇಲೂ ಕಚ್ಚುತ್ತಿದ್ದರೆ ಕೈ ನೋಡಿ. ಬರಿಗೈಯನ್ನೇ ಆಟಿಕೆ ಮಾಡಿ ಕೆಣಕುವವರು ಮನೆಯಲ್ಲಿ ಒಬ್ಬರಾದರೂ ಇರುತ್ತಾರೆ. ಹಲ್ಲು ಚರ್ಮಕ್ಕೆ ತಾಗಿದ ಕೂಡಲೇ ಆಟ ನಿಲ್ಲಬೇಕು: ಕೈ ಎಳೆಯದೆ ಸಡಿಲ ಬಿಡಿ, ಎದ್ದು ಅರ್ಧ ನಿಮಿಷ ಬಾಗಿಲಾಚೆ ಹೋಗಿ, ಮರಳಿ ಬಂದು ಆಟಿಕೆ ಕೊಡಿ. ಕೈ ಎಳೆದರೆ, ಕಿರುಚಿದರೆ ಓಡುವ ಬೇಟೆಯಂತಾಗಿ ಇನ್ನಷ್ಟು ಕೆರಳುತ್ತದೆ. ಹಳೇ ಚಪ್ಪಲಿಯನ್ನು ಆಟಕ್ಕೆ ಕೊಡಬೇಡಿ, ಹಳೆಯದಕ್ಕೂ ಹೊಸದಕ್ಕೂ ಮರಿಗೆ ವ್ಯತ್ಯಾಸ ತಿಳಿಯದು.

ಸುಮಾರು ನಾಲ್ಕು ತಿಂಗಳಿಗೆ 28 ಹಾಲುಹಲ್ಲುಗಳು ಬೀಳತೊಡಗಿ, ಏಳು ತಿಂಗಳ ಹೊತ್ತಿಗೆ 42 ಹಲ್ಲು ಬರುತ್ತವೆ. ಆಗ ಕಚ್ಚಾಟ ದಿನವಿಡೀ ಇರುತ್ತದೆ, ಆಟಿಕೆಯ ಮೇಲೆ ಸ್ವಲ್ಪ ರಕ್ತವೂ ಕಾಣಬಹುದು. ಕಾಟನ್ ಬಟ್ಟೆ ಒದ್ದೆ ಮಾಡಿ ಹುರಿಗೊಳಿಸಿ ಫ್ರೀಜರಿನಲ್ಲಿಟ್ಟು, ನಿಮ್ಮ ಕಣ್ಣೆದುರು ಜಗಿಯಲು ಕೊಡಿ. ಬೇಯಿಸಿದ ಕೋಳಿ ಮೂಳೆ ಬೇಡ, ಸಿಗುರಾಗಿ ಕರುಳು ಚುಚ್ಚುತ್ತದೆ.

ಮರಿಯ ಹಲ್ಲು ತಾಗಿ ನಿಮಗೆ ರಕ್ತ ಬಂದರೆ, ಗೀರಿದರೂ ಸರಿ, 15 ನಿಮಿಷ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು ಅದೇ ದಿನ ಡಾಕ್ಟರನ್ನು ಕಾಣಿ. 'ಮನೆಯ ಮರಿ ತಾನೇ' ಎಂದು ಬಿಡಬೇಡಿ. ರೇಬೀಸ್ ಲಸಿಕೆ ಹಾಕುವುದೇ ಸಾಮಾನ್ಯವಾಗಿ 12 ವಾರಕ್ಕೆ. ಅದಕ್ಕೂ ಮೊದಲು, ಅದರಲ್ಲೂ ಬೀದಿಯಿಂದ ತಂದ ಮರಿಯಾದರೆ, ಅಪಾಯ ಇಲ್ಲವೆಂದು ಹೇಳುವಂತಿಲ್ಲ.

ಲಕ್ಷಣ: ಊಟ ಬಿಡುತ್ತದೆ

ಬಂದ ಮೊದಲ ಎರಡು ದಿನ ಕಡಿಮೆ ತಿನ್ನುವುದು ಸಹಜ. ಆಮೇಲೂ ಬಿಟ್ಟರೆ, ಬಟ್ಟಲಿನ ಹೊರಗೆ ಏನೇನು ಬಾಯಿಗೆ ಹೋಗುತ್ತಿದೆ ಎಂದು ಎಣಿಸಿ. ಅಜ್ಜಿ ಕೊಟ್ಟ ಎರಡು ಬಿಸ್ಕತ್ತು, ಮಕ್ಕಳು ಇಟ್ಟ ಚಪಾತಿ ತುಂಡು ಸೇರಿದರೆ ಪುಟ್ಟ ಹೊಟ್ಟೆಗೆ ಅದೇ ಒಂದು ಊಟ. ಬಟ್ಟಲು 15–20 ನಿಮಿಷ ಇಟ್ಟು, ಉಳಿದದ್ದು ತೆಗೆದುಬಿಡಿ. ಒಂದೊಂದು ದಿನ ಒಂದೊಂದು ರುಚಿ ತೋರಿಸಿದರೆ, ಇನ್ನೂ ರುಚಿಯಾದದ್ದು ಬರಲಿ ಎಂದು ಕಾಯುವುದನ್ನು ಕಲಿಯುತ್ತದೆ.

ಪುಟ್ಟ ತಳಿಯ ಮರಿ, ಬಡಕಲು ಮರಿ ಊಟ ಬಿಟ್ಟರೆ ಕಾಯಬೇಡಿ. ರಕ್ತದ ಸಕ್ಕರೆ ಇಳಿದು ತೂರಾಡುತ್ತದೆ, ನಡುಗುತ್ತದೆ, ಮಂಕಾಗುತ್ತದೆ, ಕೊನೆಗೆ ಫಿಟ್ಸ್ ಬರುತ್ತದೆ. ಜೇನುತುಪ್ಪ ಅಥವಾ ಗಟ್ಟಿ ಸಕ್ಕರೆ ನೀರನ್ನು ಬೆರಳಿನಿಂದ ವಸಡಿಗೆ ಸವರಿ, ಬೆಚ್ಚಗೆ ಸುತ್ತಿ ಕೂಡಲೇ ಆಸ್ಪತ್ರೆಗೆ ಹೊರಡಿ. ಪ್ರಜ್ಞೆಯಿಲ್ಲದ ಮರಿಯ ಬಾಯಿಗೆ ಏನನ್ನೂ ಸುರಿಯಬಾರದು, ಶ್ವಾಸಕೋಶಕ್ಕೆ ಹೋಗುತ್ತದೆ.

ಹಾಲು–ಅನ್ನ ಮಾತ್ರ ಹಾಕಿ ಬೆಳೆಸುವ ರೂಢಿ ನಮ್ಮಲ್ಲಿ ಗಟ್ಟಿಯಾಗಿದೆ. ಬೆಳೆಯುವ ಮರಿಗೆ ಅದರಲ್ಲಿ ಪ್ರೋಟೀನೂ ಸಾಲದು, ಕ್ಯಾಲ್ಸಿಯಂ ಕೂಡ ಸಾಲದು, ಕಾಲು ಡೊಂಕಾಗುವ ತನಕ ಗೊತ್ತಾಗುವುದೂ ಇಲ್ಲ. ಮನೆಯೂಟವೇ ಹಾಕುವುದಾದರೆ ಡಾಕ್ಟರಿಂದ ಪ್ರಮಾಣ ಬರೆಸಿಕೊಳ್ಳಿ. ಪೂರ್ಣ ಪಪ್ಪಿ ಫುಡ್ ತಿನ್ನುವ ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ನಂಥ ದೊಡ್ಡ ತಳಿಗಳಿಗೆ ಮೇಲಿಂದ ಕ್ಯಾಲ್ಸಿಯಂ ಸಿರಪ್ ಸೇರಿಸುವುದು ಅಷ್ಟೇ ತಪ್ಪು. ಹೆಚ್ಚಾದ ಕ್ಯಾಲ್ಸಿಯಂ ಮೂಳೆಯ ಬೆಳವಣಿಗೆಯನ್ನೇ ಕೆಡಿಸುತ್ತದೆ.

ಲಕ್ಷಣ: ಕಕ್ಕ ಸಡಿಲ

ಮರಿ ಚುರುಕಾಗಿದ್ದು, ತಿನ್ನುತ್ತಿದ್ದು, ಮೆತ್ತಗಿನ ಕಕ್ಕ ಮಾತ್ರ ಇದ್ದರೆ ಊಟದಿಂದ ಶುರುಮಾಡಿ. ಮೊದಲು ಹಸುವಿನ ಹಾಲು ನಿಲ್ಲಿಸಿ, ಎಷ್ಟೋ ಮರಿಗಳಿಗೆ ಅದು ಜೀರ್ಣವಾಗದು. ಊಟದ ಬ್ರ್ಯಾಂಡ್ ಒಮ್ಮೆಲೇ ಬದಲಿಸಿದ್ದರೆ ಹಳೆಯದಕ್ಕೆ ಮರಳಿ, 7 ದಿನದಲ್ಲಿ ಬದಲಿಸಿ: ಮೊದಲೆರಡು ದಿನ ಕಾಲು ಭಾಗ ಹೊಸದು, ಮುಂದಿನೆರಡು ದಿನ ಅರ್ಧ, ಆಮೇಲೆ ಮುಕ್ಕಾಲು, ಏಳನೆಯ ದಿನ ಪೂರ್ತಿ. ಬೆಳಗಿನದು ಗಟ್ಟಿ, ಸಂಜೆಯದು ಸಡಿಲ ಎಂದಾದರೆ ಪ್ರಮಾಣ ಅಥವಾ ತಿಂಡಿ ಹೆಚ್ಚಾಗಿದೆ. ಲೋಳೆ ಅಥವಾ ಅಕ್ಕಿಕಾಳಿನಂಥ ತುಣುಕು ಕಂಡರೆ ಹುಳುವಿರಬಹುದು, ಮಲ ಪರೀಕ್ಷೆ ಮಾಡಿಸಿ.

ಕಕ್ಕ ನೀರಾಗಿ ಹೋದರೆ, ಅಥವಾ ಜೊತೆಗೆ ವಾಂತಿಯೂ ಇದ್ದರೆ ಮನೆಮದ್ದು ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಮನುಷ್ಯರ ಮಾತ್ರೆ ಯಾವುದನ್ನೂ ಕೊಡಬೇಡಿ. ಪ್ಯಾರಸಿಟಮಾಲ್, ಐಬುಪ್ರೊಫೆನ್ ಎರಡೂ ನಾಯಿಗೆ ವಿಷವಾಗಬಲ್ಲವು.

ಏನಾದರೂ ನುಂಗಿರಬಹುದೇ ಎಂದೂ ಹುಡುಕಿ. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಕ್ಸೈಲಿಟಾಲ್ ಎಂಬ ಸಿಹಿಕಾರಕ ಹಾಕಿದ ಸಕ್ಕರೆರಹಿತ ಚೂಯಿಂಗ್ ಗಮ್, ಇಲಿ ಪಾಷಾಣ, ಅಂಗಳದ ಕಣಗಿಲೆ, ಕುಂಡದ ಸೈಕಸ್, ಎಲ್ಲವೂ ಅಪಾಯ. ಈರುಳ್ಳಿ, ಬೆಳ್ಳುಳ್ಳಿ ರಕ್ತಕಣಗಳನ್ನು ಹಾಳುಮಾಡುತ್ತವೆ, ಆದ್ದರಿಂದ ಉಳಿದ ಸಾಂಬಾರನ್ನು ಅನ್ನಕ್ಕೆ ಕಲಸಿ ಹಾಕಬೇಡಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ, ಉಪ್ಪೇ ವಿಷವಾಗುತ್ತದೆ. ತಿಂದದ್ದರ ಪೊಟ್ಟಣ, ಎಲೆ ಏನಿದ್ದರೂ ಜೊತೆಗೆ ಒಯ್ಯಿರಿ.

ಲಕ್ಷಣ: ಒಂಟಿ ಬಿಟ್ಟರೆ ಕೂಗಾಡುತ್ತದೆ

ಬಚ್ಚಲಿಗೂ ಹಿಂದೆ ಬರುವ ಮರಿ ಒಂಟಿಯಾಗಿರುವುದನ್ನು ಕಲಿತೇ ಇಲ್ಲ. ಊಟ, ಹೊರಗೆ, ಆಟ ಮುಗಿದು ನಿದ್ದೆ ಬರುವ ಹೊತ್ತಿಗೆ ಅಭ್ಯಾಸ ಇಟ್ಟುಕೊಳ್ಳಿ. ಬಾಗಿಲು ಮುಚ್ಚಿ 30 ಸೆಕೆಂಡು, ಆಮೇಲೆ ಒಂದು ನಿಮಿಷ, ಎರಡು, ಐದು. ಅಳುವ ಮೊದಲೇ ವಾಪಸ್ ಬರಬೇಕು. ಅತ್ತಿತು ಎಂದರೆ ಬೇಗ ಹಿಗ್ಗಿಸಿದ್ದೀರಿ, ಹಿಂದಿನ ಹಂತಕ್ಕೆ ಇಳಿಯಿರಿ. ಎರಡು ತಿಂಗಳ ಮರಿಯನ್ನು ಎರಡು ಗಂಟೆಗಿಂತ ಹೆಚ್ಚು ಒಂಟಿಯಾಗಿ ಬಿಡುವುದು ಸರಿಯಲ್ಲ. ಎಲ್ಲರೂ ಒಂಬತ್ತು ಗಂಟೆ ಹೊರಗಿರುವ ಮನೆಯಾದರೆ ನಡುವೆ ಬಂದು ನೋಡುವ ಒಬ್ಬರ ವ್ಯವಸ್ಥೆಯಾಗಲೇಬೇಕು, ಅದಕ್ಕೆ ಬದಲಿಯಾಗಿ ಯಾವ ತರಬೇತಿಯೂ ಇಲ್ಲ. ಹಳೇ ಫೋನಿನ ಕ್ಯಾಮೆರಾ ಇಟ್ಟು ನೋಡಿ: ಹತ್ತು ನಿಮಿಷದಲ್ಲಿ ತಣ್ಣಗಾಗಿ ಮಲಗಿದರೆ ಚಿಂತೆಯಿಲ್ಲ. ಜೊಲ್ಲು ಸುರಿಸಿ, ಬಾಗಿಲು ಕೆರೆದು ಉಗುರು ಕಿತ್ತುಕೊಂಡರೆ ನಾಯಿಗಳ ವರ್ತನೆ ಬಲ್ಲ ಪಶುವೈದ್ಯರನ್ನು ಕಾಣಿ.

ಲಕ್ಷಣ: ವಾಕಿಂಗ್ ಹೊರಟರೆ ಕೂತುಬಿಡುತ್ತದೆ

ರಸ್ತೆಗೆ ನಿಮ್ಮ ಅಂಗೈ ಹಿಂಬದಿ 5 ಸೆಕೆಂಡು ಇಡಿ. ನಿಮಗೆ ತಡೆಯದಿದ್ದರೆ ಅದರ ಪಾದಕ್ಕೂ ತಡೆಯದು. ಬಿಸಿಯಿಲ್ಲದಿದ್ದರೆ ಬೆಲ್ಟ್ ಅದಕ್ಕೆ ಹೊಸದಾಗಿರಬಹುದು, ಮನೆಯೊಳಗೆ ಮೂರು ದಿನ ಹಾಕಿ ಓಡಾಡಿಸಿ. ಅದೂ ಅಲ್ಲದಿದ್ದರೆ ಹೆದರಿಕೆ. ಎಳೆಯಬೇಡಿ, ಗೇಟಿನ ಬಳಿಯೇ ಕೂತು ವಾಹನಗಳನ್ನು ನೋಡಲು ಬಿಡಿ. ಲಸಿಕೆಯ ಸರಣಿ ಮುಗಿಯುವುದು 16 ವಾರದ ಸುಮಾರಿಗೆ, ಆದರೆ ಲೋಕ ಪರಿಚಯವಾಗುವ ಮುಖ್ಯ ಅವಧಿ 12–14 ವಾರಕ್ಕೇ ಕಳೆಯುತ್ತದೆ. ಹಾಗಾಗಿ ಲಸಿಕೆ ಮುಗಿಯುವವರೆಗೆ ಎತ್ತಿಕೊಂಡೇ ಸುತ್ತಾಡಿಸಿ.

ಸರಿಹೋಗಿದ್ದು ಮತ್ತೆ ಕೆಟ್ಟರೆ

ಲಸಿಕೆ ಹಾಕಿಸಿದ ದಿನ ಮಂಕಾಗಿ ಮಲಗುವುದು, ಊಟ ಕಡಿಮೆ ಮಾಡುವುದು ಮಾಮೂಲು, ಮರುದಿನಕ್ಕೆ ಸರಿಯಾಗುತ್ತದೆ. ಮುಖ ಊದಿಕೊಂಡರೆ, ಮೈಮೇಲೆ ದದ್ದು ಎದ್ದರೆ, ವಾಂತಿಯಾದರೆ ಕೂಡಲೇ ವಾಪಸ್ ಒಯ್ಯಿರಿ. ಹಬ್ಬಕ್ಕೆ ನೆಂಟರು ಬಂದುಹೋದ ಮೇಲೆ ಕೆಟ್ಟಿದ್ದರೆ ಎರಡು ದಿನ 8 ವಾರದ ಮರಿಯ ದಿನಚರಿಗೆ ಮರಳಿ, ಅಲ್ಲಿಂದ ಮತ್ತೆ ಹಿಗ್ಗಿಸಿ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಐದು ದಿನ ಕೊಡಿ. ಊಟ, ಮಲಗುವ ಜಾಗ, ಬೆಲ್ಟು ಎಲ್ಲ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಸರಿಯಾಯಿತು ಎಂಬುದೂ ತಿಳಿಯದು. ಎರಡು ಬದಲಾವಣೆಯಾದರೂ ಗುಣ ಕಾಣದಿದ್ದರೆ ಡಾಕ್ಟರ ಬಳಿ ಹೋಗುವಾಗ ನೋಟ್‌ಬುಕ್ಕು, ಲಸಿಕೆ ಕಾರ್ಡು, ಮುಚ್ಚಳವಿರುವ ಶುಭ್ರ ಡಬ್ಬಿಯಲ್ಲಿ ಅದೇ ಬೆಳಗಿನ ಒಂದು ಚಮಚದಷ್ಟು ಕಕ್ಕ ಒಯ್ಯಿರಿ. ಊರಿನ ಸರ್ಕಾರಿ ಪಶು ಆಸ್ಪತ್ರೆಯಲ್ಲೂ ನಾಯಿಗಳನ್ನು ನೋಡುತ್ತಾರೆ, ಬೆಂಗಳೂರಿನವರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ರಾತ್ರಿ ತೆರೆದಿರುವ ಆಸ್ಪತ್ರೆ ಯಾವುದು ಎಂದು ಮಾತ್ರ ಇವತ್ತೇ ವಿಚಾರಿಸಿ, ನಂಬರನ್ನು ಫ್ರಿಜ್ಜಿನ ಮೇಲಿನ ಅದೇ ಹಾಳೆಯಲ್ಲಿ ಬರೆದಿಡಿ.